ಅಲ್ಪವಿರಾಮನ ಕ್ಯಾಮೆರಾ

ಎಂದೂ ಜೋರಾಗಿ ಮಾತಾಡದ ಅಲ್ಪವಿರಾಮ ಆ ಮಧ್ಯಾಹ್ನ ಫೋನಿನಲ್ಲಿ ಜೋರಾಗಿ ಮಾತಾಡಿದ. ತಪ್ಪಾದದ್ದು ಅಷ್ಟೇ.

ಅಲ್ಪವಿರಾಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹತ್ತೊಂಬತ್ತು ವರ್ಷದಿಂದ ಅವನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ. ಬರೆದವರು ಮರೆತ ಅಲ್ಪವಿರಾಮಗಳನ್ನು ಹಾಕಿ ಹಾಕಿ, ಅದು ಅವನ ಮಾತಿಗೂ ಅಂಟಿಕೊಂಡಿತ್ತು. ಎರಡು ಪದ ಹೇಳಿ ನಿಲ್ಲುತ್ತಿದ್ದ. ಅವನು ನಿಂತಲ್ಲಿ ಎದುರಿಗಿದ್ದವರು ಪೂರ್ಣವಿರಾಮ ಹಾಕಿ ತಮ್ಮ ಮಾತು ಶುರುಮಾಡುತ್ತಿದ್ದರು. ಅವನ ಒಂದು ವಾಕ್ಯವನ್ನು ಕೊನೆಯ ತನಕ ಕೇಳಿದವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ.

ಅಂಥವನಿಗೆ ಒಂದು ಆಸೆಯಿತ್ತು. ಹಳೆಯ ಫೋಟೋ ಅಂಗಡಿ ನಡೆಸುತ್ತಿದ್ದ ಸ್ಟುಡಿಯೋ ತಾತನ ಗಾಜಿನ ಕಪಾಟಿನಲ್ಲಿದ್ದ ಮಡಚುವ ಕ್ಯಾಮೆರಾ. ಮುಚ್ಚಿದರೆ ಕೋಟಿನ ಜೇಬಿಗೆ ಹಿಡಿಯುವಷ್ಟು ಪುಟ್ಟದು. ಗುಂಡಿ ಒತ್ತಿದರೆ ಮುಚ್ಚಳ ತೆರೆದು, ಕಪ್ಪು ತಿದಿಯ ತುದಿಯಲ್ಲಿ ಲೆನ್ಸು ಆಮೆ ಕತ್ತು ಚಾಚಿದ ಹಾಗೆ ಮುಂದೆ ಬರುತ್ತಿತ್ತು. ಅಗಲ ಫಿಲ್ಮು, ರೋಲಿಗೆ ಹನ್ನೆರಡೇ ಚಿತ್ರ. ದೂರ ಅಳೆಯುವ ಏರ್ಪಾಡೂ ಅದರಲ್ಲೇ ಇತ್ತು. ಕಿಂಡಿಗೆ ಕಣ್ಣಿಟ್ಟರೆ ನಡುವಿನ ಹಳದಿ ಚೌಕದಲ್ಲಿ ಎದುರಿನ ವಸ್ತು ಎರಡೆರಡಾಗಿ ಕಾಣುತ್ತದೆ. ಪುಟ್ಟ ಚಕ್ರ ತಿರುಗಿಸಿ ಒಂದರ ಮೇಲೊಂದು ಕೂರಿಸಿದರೆ ಫೋಕಸ್ ಸರಿಯಾಯಿತೆಂದು ಅರ್ಥ. ದಿನವಿಡೀ ಇನ್ನೊಬ್ಬರ ತಪ್ಪು ತಿದ್ದುವವನಿಗೆ, ತನ್ನದೇ ಆದ, ಆಮೇಲೆ ಯಾರೂ ಕೈಹಾಕಿ ತಿದ್ದಲಾಗದ ಹನ್ನೆರಡು ಚಿತ್ರ ಬೇಕಿತ್ತು. ಎಂಟು ತಿಂಗಳು ಬೆನ್ನುಹತ್ತಿದ ಮೇಲೆ ತಾತ ಅದನ್ನು ಮಾರಲು ಒಪ್ಪಿದ್ದ. ಸಂಜೆ ಆರಕ್ಕೆ ಅಂಗಡಿಗೆ ಕೊನೆಯ ಬೀಗ ಹಾಕಿ, ಏಳರ ರೈಲಿಗೆ ಮಗಳ ಊರಿಗೆ ಹೊರಡುವವನಿದ್ದ. ಸಿಕ್ಕರೆ ಇವತ್ತು, ಇಲ್ಲದಿದ್ದರೆ ಇಲ್ಲ.

ತಾತನಿಗೆ ಕಿವಿ ಮಂದ. ಅದಕ್ಕೇ ಅಲ್ಪವಿರಾಮ ಕೂಗಬೇಕಾಯಿತು.

“ಎರಡೆರಡಾಗಿ ಕಾಣೋದು, ಸರಿ ತಾತ. ಆದರೆ ಎರಡೂ, ಒಂದಾಗ್ತಾವೆ ತಾನೇ? ಮಬ್ಬು ಗಿಬ್ಬು, ಇಲ್ವಲ್ಲ? ಒಳಗೆ, ಬೂಷ್ಟು ಬಂದಿಲ್ವಲ್ಲ?”

ಹಿಂದೆ ಅಂಟಿನ ಡಬ್ಬಿ ಹಿಡಿದು ನಿಂತಿದ್ದ ಬೈಂಡಿಂಗ್ ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. ಮೇಸ್ತ್ರಿ ಒಳ್ಳೆಯ ಮನುಷ್ಯ. ಯಾರಾದರೂ ಸೀನಿದರೆ ಆಂಬುಲೆನ್ಸ್ ನಂಬರು ಹುಡುಕುವಷ್ಟು ಒಳ್ಳೆಯವನು.

“ಸಾರ್, ಎಷ್ಟು ದಿನದಿಂದ ಹಿಂಗೆ?”

“ಏನು, ಎಷ್ಟು ದಿನ?”

“ಎರಡೆರಡು ಕಾಣೋದು.”

“ಅಯ್ಯೋ, ಅದು ಕಣ್ಣಲ್ಲ ಮೇಸ್ತ್ರಿ, ಅದು,”

“ಕಣ್ಣಲ್ಲದೆ ಮೂಗಲ್ಲಿ ಕಾಣುತ್ತಾ? ನೀವು ಕೂತ್ಕೊಳ್ಳಿ. ಅಲ್ಲಾಡಬೇಡಿ.”

ಅಂಟಿನ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಮೇಸ್ತ್ರಿ ನೇರ ಯಜಮಾನರ ಕೋಣೆಗೆ ನುಗ್ಗಿದ. ಐದು ನಿಮಿಷದಲ್ಲಿ ಅಲ್ಪವಿರಾಮನಿಗೆ ಕರೆ ಬಂತು.

ಯಜಮಾನರ ಮುಂದೆ ಶಾಲಾ ಪಾಠಪುಸ್ತಕವೊಂದರ ಕರಡಿತ್ತು. ಅವರು ಅದರ ಮೇಲೆ ಬೆರಳಿಟ್ಟರು. “ಏನ್ರೀ ಇದು? ‘ಬೇರೆ ಬೇರೆ ದೇಶಗಳು’ ಅಂತಿತ್ತು. ಒಂದು ‘ಬೇರೆ’ ಹೊಡೆದು ಹಾಕಿದ್ದೀರಿ. ‘ಸಣ್ಣ ಸಣ್ಣ ಮೀನುಗಳು’, ಅದರಲ್ಲೂ ಒಂದು ‘ಸಣ್ಣ’ ಇಲ್ಲ. ‘ಮನೆ ಮನೆಗೆ ನೀರು’ ಅಂತಿದ್ದದ್ದು ‘ಮನೆಗೆ ನೀರು’ ಆಗಿದೆ. ಯಾರ ಮನೆಗೆ? ನಿಮ್ಮ ಮನೆಗಾ?”

“ನಾಲ್ಕು ಸಾಲು, ಕಡಿಮೆ ಮಾಡಿ, ಇಲ್ಲದಿದ್ದರೆ ಹೊಸ ಪುಟ ಬೇಕಾಗುತ್ತೆ ಅಂತ, ನೀವೇ,”

“ನೋಡಿದ್ರಾ ಯಜಮಾನ್ರೇ!” ಮೇಸ್ತ್ರಿ ಮೇಜು ಕುಟ್ಟಿದ. “ಇವರಿಗೆ ಎಲ್ಲ ಎರಡೆರಡು ಕಾಣುತ್ತೆ. ಪಾಪ, ಯಾವುದು ನಿಜವಾದ ಎರಡು, ಯಾವುದು ಸುಳ್ಳು ಎರಡು ಅಂತ ಗೊತ್ತಾಗದೆ ಒಂದೊಂದು ಹೊಡೆದು ಹಾಕ್ತಾ ಬಂದಿದ್ದಾರೆ.”

ಯಜಮಾನರು ಕನ್ನಡಕ ತೆಗೆದರು. ಅವರಿಗೂ ಕರುಣೆ ಉಕ್ಕಿತ್ತು. “ಮೊದಲೇ ಹೇಳಬಾರದಾಗಿತ್ತೇನ್ರೀ? ಕರಡು ತಿದ್ದೋರಿಗೆ ಕಣ್ಣೇ ಬಂಡವಾಳ. ಡಾಕ್ಟರ ಸರ್ಟಿಫಿಕೇಟ್ ತರೋ ತನಕ ಒಂದು ಹಾಳೆಯನ್ನೂ ಮುಟ್ಟಬೇಡಿ. ಮೇಸ್ತ್ರಿ, ಈಗಲೇ ಕರ್ಕೊಂಡು ಹೋಗು.”

“ಸರ್, ನಾನೊಂದು ಕ್ಯಾಮೆರಾ,”

“ಕ್ಯಾಮೆರಾ ಗೀಮೆರಾ ಎಲ್ಲ ಅವರ ಹತ್ರ ಇರುತ್ತೆ. ಕಣ್ಣಿನ ಒಳಗೇ ಫೋಟೋ ತೆಗೀತಾರಂತೆ ಈಗ.”

ಮೆಟ್ಟಿಲಿಳಿಯುವಾಗ ಮೇಸ್ತ್ರಿ ಅವನ ತೋಳು ಹಿಡಿದು, “ಇಲ್ಲೊಂದು ಮೆಟ್ಟಿಲು, ಎರಡಲ್ಲ ಸಾರ್, ಒಂದೇ,” ಎನ್ನುತ್ತ ಪ್ರತಿ ಮೆಟ್ಟಿಲನ್ನೂ ಪರಿಚಯಿಸಿದ. ಅಷ್ಟರಲ್ಲಿ ಹೆಂಡತಿಯ ಫೋನ್ ಬಂತು. ಸುದ್ದಿ ಅವನಿಗಿಂತ ಮೊದಲು ಮನೆ ತಲುಪಿತ್ತು.

“ರೀ, ಇಷ್ಟು ದಿನ ನಾನು ನಿಮಗೆ ಇಬ್ಬರಾಗಿ ಕಾಣ್ತಿದ್ನಾ? ಅದಕ್ಕೇನಾ ಮಾತಾಡಿಸಿದಾಗೆಲ್ಲ ಆ ಕಡೆ ನೋಡ್ಕೊಂಡು ಹೂಂ ಅಂತಿದ್ದಿದ್ದು?”

“ಇಲ್ಲ ಕಣೇ, ನೀನು,”

“ಸಾಕು, ಒಬ್ಬಳನ್ನೇ ಸುಧಾರಿಸೋಕಾಗಲ್ಲ ನಿಮಗೆ. ಡಾಕ್ಟರು ಹೇಳಿದ ಹಾಗೆ ಕೇಳಿ.” ಇನ್ನು ಕ್ಯಾಮೆರಾ ಎಂದರೆ ಅತ್ತೇಬಿಡುತ್ತಾಳೆ ಎಂದು ಅವನು ಫೋನನ್ನು ಜೇಬಿಗಿಟ್ಟ.

ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಹದಿಮೂರು ಜನ ಕೂತಿದ್ದರು. ಮೇಸ್ತ್ರಿ ಎಲ್ಲರಿಗೂ ಕೇಸು ವಿವರಿಸಿದ. ವಿವರಿಸಿದಷ್ಟೂ ಅದು ಬೆಳೆಯಿತು; ಕೊನೆಯ ಅಜ್ಜಿಯನ್ನು ಮುಟ್ಟುವ ಹೊತ್ತಿಗೆ ಅಲ್ಪವಿರಾಮನಿಗೆ ಒಂದೊಂದು ನಾಲ್ಕಾಗಿ ಕಾಣುತ್ತಿತ್ತು. ಎಲ್ಲರೂ ಸೇರಿ ಅವನನ್ನು ಮೊದಲು ಒಳಗೆ ಕಳಿಸಿದರು. ಗಡಿಯಾರ ನಾಲ್ಕು ತೋರಿಸುತ್ತಿತ್ತು. ಬೇಗ ಮುಗಿದರೆ ಒಳ್ಳೆಯದೇ ಎಂದು ಅವನಿಗೆ ಸಮಾಧಾನವಾಯಿತು.

ಡಾಕ್ಟರು ಆತುರದ ಮನುಷ್ಯ. “ಏನು ಕಾಣುತ್ತೆ?”

“ಎಲ್ಲ, ಚೆನ್ನಾಗೇ ಕಾಣುತ್ತೆ ಡಾಕ್ಟ್ರೇ. ನಾನು ಹೇಳಿದ್ದು, ಒಂದು ಕ್ಯಾಮೆರಾದ ವಿಷಯ. ಅದರಲ್ಲಿ ನೋಡಿದರೆ, ಎರಡಾಗಿ ಕಾಣುತ್ತೆ,”

“ಕ್ಯಾಮೆರಾದಲ್ಲೂ ಎರಡು ಕಾಣುತ್ತಾ? ಹಾಗಾದರೆ ನರ ನೋಡ್ಬೇಕು. ತಲೆ ಹಿಂದಕ್ಕೆ.”

ಅವನು ಮುಂದಿನ ಪದ ಹುಡುಕುವಷ್ಟರಲ್ಲಿ ಎರಡು ಕಣ್ಣಿಗೂ ಹನಿ ಬಿದ್ದಿತ್ತು. ಅರ್ಧ ಗಂಟೆ ಕಣ್ಣು ಮುಚ್ಚಿ ಕೂರಿಸಿದರು. ಮತ್ತೆ ಹನಿ. ಮತ್ತೆ ಅರ್ಧ ಗಂಟೆ. ಆಮೇಲೆ ದೀಪ ಬಿಟ್ಟು ನೋಡಿ ಡಾಕ್ಟರು ಹೇಳಿದರು: “ಏನೂ ಇಲ್ಲ. ಇಂಥ ಕಣ್ಣು ಈ ವಯಸ್ಸಲ್ಲಿ ನಾನು ನೋಡೇ ಇಲ್ಲ. ಸರ್ಟಿಫಿಕೇಟ್ ಬರೆದುಕೊಡ್ತೀನಿ. ರಾತ್ರಿ ತನಕ ಮಂಜು ಮಂಜಾಗಿರುತ್ತೆ, ಅಷ್ಟೇ.”

ಹೊರಗೆ ಬಂದಾಗ ಐದೂವರೆ. ಬೀದಿಯೆಲ್ಲ ಹಾಲು ಚೆಲ್ಲಿದ ಹಾಗೆ ಕಣ್ಣು ಕುಕ್ಕುತ್ತಿತ್ತು. ಅಲ್ಪವಿರಾಮ ಜೀವನದಲ್ಲಿ ಮೊದಲ ಸಲ ಒಂದು ವಾಕ್ಯವನ್ನು ಉಸಿರು ಬಿಡದೆ ಹೇಳಿದ:

“ಮೇಸ್ತ್ರಿ ನಾನು ಆರು ಗಂಟೆಯೊಳಗೆ ಸ್ಟುಡಿಯೋ ತಾತನ ಅಂಗಡೀಲಿ ಇರಬೇಕು ಇಲ್ಲದಿದ್ದರೆ ಎಂಟು ತಿಂಗಳಿಂದ ಕಾದ ಕ್ಯಾಮೆರಾ ಕೈಬಿಟ್ಟು ಹೋಗುತ್ತೆ ಎರಡೆರಡು ಕಾಣೋದು ಆ ಕ್ಯಾಮೆರಾದಲ್ಲಿ ನನ್ನ ಕಣ್ಣಲ್ಲಲ್ಲ!”

ಮೇಸ್ತ್ರಿ ಹಣೆ ಚಚ್ಚಿಕೊಂಡ. “ಇದನ್ನ ಮಧ್ಯಾಹ್ನವೇ ಹೇಳೋಕೇನಾಗಿತ್ತು ಸಾರ್?” ಎಂದವನೇ ಆಟೋ ಒಂದಕ್ಕೆ ಅಡ್ಡ ನಿಂತ.

ಅಂಗಡಿಯಲ್ಲಿ ಹಗ್ಗ ಬಿಗಿದ ಎರಡು ಪೆಟ್ಟಿಗೆ, ಒಂದು ಸ್ಟೂಲು, ಅದರ ಮೇಲೆ ಕ್ಯಾಮೆರಾ. ತಾತ ಕೋಟು ತೊಟ್ಟು ಸಿದ್ಧನಾಗಿದ್ದ.

“ಬಂದ್ಯಾ? ತಗೋ. ಎದುರು ಕಟ್ಟಡದ ಮೂರನೇ ಕಿಟಕಿ. ಎರಡನ್ನೂ ಒಂದು ಮಾಡಿ, ಚಕ್ರದ ಮೇಲೆ ಎಷ್ಟು ದೂರ ಬಂತು ಹೇಳು.”

ಅಲ್ಪವಿರಾಮ ಕಿಂಡಿಗೆ ಕಣ್ಣಿಟ್ಟ. ಕಿಟಕಿ ಎರಡಲ್ಲ, ಒಂದೂ ಕಾಣಲಿಲ್ಲ. ಹಳದಿ ಚೌಕ ನೀರಿನ ಮೇಲಿನ ಎಣ್ಣೆಯಂತೆ ಹರಡಿತ್ತು. ಚಕ್ರ ತಿರುಗಿಸಿದ. ಹಿಂದಕ್ಕೆ ತಿರುಗಿಸಿದ. ಮೇಲಿನ ಅಂಕಿ ಓದಲು ಹೋದರೆ ಅದು ಇರುವೆ ಸಾಲಿನಂತಿತ್ತು.

“ಹತ್ತು, ಅಲ್ಲ, ಹದಿನೈದು,”

“ಏಳು ಮೀಟರು! ನಾನು ಎಷ್ಟು ಸಲ ಅಳೆದ ಕಿಟಕಿ ಅದು!” ತಾತ ಕ್ಯಾಮೆರಾ ಕಿತ್ತುಕೊಂಡ. “ಕಣ್ಣು ಮಬ್ಬಾಯ್ತು ಅಂತ ತಾನೇ ನಾನು ಇದನ್ನ ಬಿಡ್ತಿರೋದು? ಕಾಣದವನಿಂದ ಕಾಣದವನಿಗೆ ಕೊಟ್ಟು ಏನು ಬಂತು? ಕಪಾಟಲ್ಲಿಟ್ಟು ಪೂಜೆ ಮಾಡೋಕಾ?”

“ತಾತ, ಬೆಳಿಗ್ಗೆ ಹೊತ್ತಿಗೆ, ಸರಿ ಹೋಗುತ್ತೆ. ಸರ್ಟಿಫಿಕೇಟ್, ಇದೆ,”

“ಬೆಳಿಗ್ಗೆ ಹೊತ್ತಿಗೆ ನಾನು ಮುನ್ನೂರು ಮೈಲಿ ಆಚೆ.”

ತಪ್ಪೆಲ್ಲ ತನ್ನದೆಂದು ಮೇಸ್ತ್ರಿ ಮುಂದೆ ಬಂದ. “ತಾತಾ, ಇವರದ್ದೇನೂ ತಪ್ಪಿಲ್ಲ. ಇಲ್ಲಿ ಕೊಡಿ, ಇವರ ಪರವಾಗಿ ನಾನು ನೋಡ್ತೀನಿ.” ಮೂವತ್ತು ವರ್ಷ ಹಾಳೆಯ ಅಂಚಿಗೆ ಅಂಚು ಕೂರಿಸಿದ ಬೆರಳುಗಳು ಚಕ್ರದ ಮೇಲೆ ಒಮ್ಮೆ ಸರಿದವು. “ಏಳು.” ಬಾಗಿಲ ಕಡೆ ತಿರುಗಿದ. “ನಾಲ್ಕು.” ಸೈಕಲ್ಲಿನಲ್ಲಿ ಹೋಗುತ್ತಿದ್ದವನನ್ನು ಹಿಂಬಾಲಿಸುತ್ತ, “ಒಂಬತ್ತು... ಹತ್ತು... ಅಯ್ಯಯ್ಯೋ ಸಾರ್, ಎಷ್ಟು ಚೆನ್ನಾಗಿ ಕೂತ್ಕೊಳ್ಳುತ್ತೆ ಇದು!”

ತಾತ ಮೇಸ್ತ್ರಿಯ ಕೈಯನ್ನೇ ನೋಡುತ್ತಿದ್ದ. “ನಿನ್ನ ಜೇಬಲ್ಲಿ ಎಷ್ಟಿದೆಯೋ ಅಷ್ಟು ಕೊಡು. ತಗೊಂಡು ಹೋಗು.”

“ಇವರಿಗೇನಾ?”

“ನಿನಗೆ. ಇನ್ನೊಬ್ಬರಿಗೆ ದಾಟಿಸಲ್ಲ ಅಂತ ಮಾತು ಕೊಡು.”

ಮೇಸ್ತ್ರಿ ಅಲ್ಪವಿರಾಮನ ಕಡೆ ನೋಡಿದ. ಬೇಡ ಎನ್ನಲು ಬಾಯಿ ತೆರೆದ. ಆದರೆ ಕಣ್ಣು ಮತ್ತೆ ಕಿಂಡಿಗೇ ಹೋಯಿತು. ಅಲ್ಪವಿರಾಮನಿಗೆ ಅದು ಮಂಜಿನಲ್ಲೂ ಸ್ಪಷ್ಟವಾಗಿ ಕಂಡಿತು.

“ಕೊಡು ಮೇಸ್ತ್ರಿ, ಮಾತು,” ಎಂದ.

ಮರುದಿನ ಯಜಮಾನರು ಸರ್ಟಿಫಿಕೇಟ್ ಓದಿ ಬಹಳ ಖುಷಿಪಟ್ಟರು. ಅಂಥ ಅಪರೂಪದ ಕಣ್ಣು ಸುಮ್ಮನೆ ಇರಬಾರದೆಂದು, ಯಾರೂ ಒಪ್ಪದೆ ಮೂಲೆ ಸೇರಿದ್ದ ನಿಘಂಟಿನ ಸಾವಿರದ ನಾನೂರು ಪುಟವನ್ನು ಅವನ ಮೇಜಿಗೆ ಹೊರಿಸಿದರು.

ವಾರದ ಮೇಲೆ ಮೇಸ್ತ್ರಿ ಮೆಲ್ಲಗೆ ಬಂದು, ನಿಘಂಟಿನ ಮೇಲೆ ಹನ್ನೆರಡು ಚೌಕದ ಚಿತ್ರ ಹರಡಿದ. ಹೊಲಿಗೆ ಹಾಕುವ ಕೈಗಳು, ಕಾಗದದ ರಾಶಿಯ ಮೇಲೆ ಬಿದ್ದ ಬಿಸಿಲು, ಬಸ್ಸಿಗೆ ಕಾದು ನಿಂತ ಮುಖಗಳು.

“ತಪ್ಪು ಹಿಡಿಯೋದರಲ್ಲಿ ನಿಮ್ಮನ್ನು ಬಿಟ್ಟರೆ ಇಲ್ಲ ಸಾರ್. ಮುಲಾಜಿಲ್ಲದೆ ಹೇಳಿ.”

ಅಲ್ಪವಿರಾಮ ಕೆಂಪು ಪೆನ್ನಿನ ಮುಚ್ಚಳ ತೆಗೆದ. ಭೂತಗನ್ನಡಿ ಹಿಡಿದು ಒಂದೊಂದನ್ನೂ ಅಂಚಿನಿಂದ ಅಂಚಿಗೆ ನೋಡಿದ. ತಲೆಕೆಳಗೆ ಮಾಡಿ ನೋಡಿದ. ಕಿಟಕಿಯ ಬೆಳಕಿಗೆ ಹಿಡಿದ. ಮಧ್ಯಾಹ್ನದ ಊಟದ ಹೊತ್ತು ಪೂರ್ತಿ, ಡಾಕ್ಟರು ಮೆಚ್ಚಿದ ಆ ಎರಡು ಕಣ್ಣಿನಿಂದ, ಆಸೆಗಣ್ಣಿನಿಂದ ಹುಡುಕಿದ. ಒಂದೇ ಒಂದು ತಪ್ಪೂ ಸಿಗಲಿಲ್ಲ.