ದೊಡ್ಡಪ್ಪನ ಮೂಗು

ನಮ್ಮ ದೊಡ್ಡಪ್ಪನ ಮೂಗಿಗೆ ಹೆದರದ ಹುಡುಗ ಹೊಸ ತಿಪ್ಪಸಂದ್ರದಲ್ಲಿ ಇನ್ನೂ ಹುಟ್ಟಿಲ್ಲ! ಮೀಸೆ ಚಿಗುರಿದ ಯಾರೇ ಮನೆಗೆ ಬರಲಿ, ಗಟ್ಟಿಯಾಗಿ ಅಪ್ಪಿಕೊಳ್ಳುತ್ತಾರೆ. ಕುತ್ತಿಗೆಯ ಹತ್ತಿರ ಮೂಗಿಟ್ಟು ಉದ್ದಕ್ಕೆ ಉಸಿರೆಳೆದು "ಹೂಂ" ಅನ್ನುತ್ತಾರೆ. ಅಷ್ಟೇ. ಸೇದಿದ್ದು, ನುಂಗಿದ್ದು ಎಲ್ಲವನ್ನೂ ಹುಡುಗ ತಾನಾಗಿಯೇ ಕಕ್ಕುತ್ತಾನೆ. ಪೊಲೀಸರಿಗೆ ಇವರ ವಿಳಾಸ ಇನ್ನೂ ಯಾಕೆ ಸಿಕ್ಕಿಲ್ಲವೋ!

ಹಲಸೂರಿನ ಛತ್ರದಲ್ಲೊಂದು ಮದುವೆ. ಅಕ್ಷತೆ ಹಾಕಲು ಹೋದ ದೊಡ್ಡಪ್ಪ ಅಭ್ಯಾಸಬಲದಿಂದ ಮದುಮಗನನ್ನೂ ಮೂಸಿದರು.

"ಬೆಳಗ್ಗೆ ಒಂದೇ ಒಂದು ಸಿಗರೇಟು ಅಂಕಲ್, ಟೆನ್ಷನ್‌ಗೆ!" ಎಂದ ಆತ. ಪುರೋಹಿತರ ಮೈಕು ಪಕ್ಕದಲ್ಲೇ ಇತ್ತು.

ಇಂಥ ಮೂಗು ಮನೆಯಲ್ಲಿ ಮಾತ್ರ ರಜೆ ಹಾಕಿರುತ್ತದೆ. ಒಲೆಯ ಮೇಲೆ ಹಾಲು ಸೀದು ಕರಕಲಾಗುತ್ತಿದ್ದರೂ ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿರುತ್ತಾರೆ. ದೊಡ್ಡಮ್ಮನ ಬೈಗುಳ ಮಾತ್ರ ತಪ್ಪದೆ ಮುಟ್ಟುತ್ತದೆ.

ಒಮ್ಮೆ ಮಹದೇವಪುರದ ಅಪಾರ್ಟ್‌ಮೆಂಟಿನವರು, ಮಕ್ಕಳಿಗೆ ಡ್ರಗ್ಸ್ ಬಗ್ಗೆ ತಿಳಿಸಿ ಎಂದು ಕರೆದರು. ಕಾರ್ಯದರ್ಶಿ ಪರದೆಯ ತುಂಬ ತಲೆಬುರುಡೆ ಹಾಕಿಸಿದ್ದರು.

"ತೆಗೀರಿ ಅದನ್ನ! ಹುಡುಗ್ರು ಆಸೆಪಟ್ಟು ಟೀ ಶರ್ಟಿಗೆ ಹಾಕ್ಕೊಳ್ಳೋ ಚಿತ್ರ ಅದು," ಎಂದು ಗದರಿದ ದೊಡ್ಡಪ್ಪ ಮಕ್ಕಳ ಕಡೆ ತಿರುಗಿದರು. "ನೋಡಿ, ಮೊದಮೊದ್ಲು ಮಜಾ ಇರುತ್ತೆ."

ಕಾರ್ಯದರ್ಶಿ ಕುರ್ಚಿ ಹಿಡಿದುಕೊಂಡರು.

"ಆಮೇಲೆ ಅದಿಲ್ದೆ ಯಾವುದರಲ್ಲೂ ಮಜಾ ಇರಲ್ಲ. ನಿದ್ದೆ ಕೆಡುತ್ತೆ, ಓದಿದ್ದು ನಿಲ್ಲಲ್ಲ, ಸುಮ್‌ಸುಮ್ನೆ ಭಯ. ಮಾತ್ರೇಲಿ ಏನ್ ಬೆರೆಸಿದ್ದಾರೋ ಮಾರೋನಿಗೇ ಗೊತ್ತಿರಲ್ಲ. ಜೊತೇಲಿದ್ದೋನು ಎಚ್ಚರ ತಪ್ಪಿದ್ರೆ ಬಿಟ್ಟು ಓಡ್ಬೇಡಿ, ಆಂಬುಲೆನ್ಸ್ ಕರೀರಿ. ಬೈಸ್ಕೊಳ್ಳೋದು ಆಮೇಲೆ ಇದ್ದೇ ಇದೆ."

ನಾನು ಇದನ್ನೆಲ್ಲ ಕಂಡವರಿಗೆ ಹೇಳಿ ನಗಿಸುತ್ತಿದ್ದೆ, ನನ್ನ ಮಗ ಕಾಲೇಜಿನ ಎರಡನೇ ವರ್ಷಕ್ಕೆ ಬರುವವರೆಗೆ. ಆಮೇಲೆ ಅವನು ಸೊರಗಿಹೋದ. ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಏನಾಯಿತೋ ಎಂದರೆ ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದ. ಮಗ ಕಣ್ಣೆದುರೇ ಕೈತಪ್ಪಿ ಹೋಗುತ್ತಿದ್ದಾನೆಂದು ನನಗೆ ಗೊತ್ತಾಗುತ್ತಿತ್ತು. ಕೊನೆಗೆ ಭಾನುವಾರದ ಊಟದ ನೆಪ ಹೇಳಿ ದೊಡ್ಡಪ್ಪನ ಮನೆಗೆ ಕರೆದೊಯ್ದೆ.

ಅಪ್ಪುಗೆ. ಉಸಿರು. "ಹೂಂ." ದೊಡ್ಡಪ್ಪ ಕೈ ಸಡಿಲಿಸಲಿಲ್ಲ.

"ಮಾತ್ರೆ ತಗೋತಿದೀನಿ ತಾತ," ಎಂದು ಮಗ ಬಿಕ್ಕಿದ. "ಬಿಡೋಕೆ ಆಗ್ತಿಲ್ಲ."

"ಒಬ್ನೇ ಬಿಡೋದು ಕಷ್ಟ ಮಗಾ. ನಾಳೆ ಡಾಕ್ಟ್ರ ಹತ್ರ ಹೋಗೋಣ, ನಾನೂ ಬರ್ತೀನಿ."

ಅಡುಗೆಮನೆಗೆ ಬಂದು ಕಣ್ಣೊರೆಸಿಕೊಂಡು, "ಅದೇನ್ ಮೂಗು ದೊಡ್ಡಮ್ಮ ಅವರದ್ದು!" ಅಂದೆ.

"ಎಲ್ಲೀ ಮೂಗೋ! ಕೊರೊನಾದಲ್ಲಿ ಹೋದ ವಾಸನೆ ವಾಪಸ್ ಬಂದೇ ಇಲ್ಲ ಅವ್ರಿಗೆ."

"ಮೆಲ್ಲಗೆ ಮಾತಾಡೇ," ಎಂದು ನಡುಮನೆಯಿಂದ ದೊಡ್ಡಪ್ಪನ ದನಿ ಬಂತು. "ಹುಡುಗ್ರಿಗೆ ಗೊತ್ತಾದ್ರೆ ಯಾರೂ ಬಾಯಿ ಬಿಡಲ್ಲ."

ಹೊರಡುವಾಗ ಗೇಟಿನ ಬಳಿ ನನ್ನನ್ನೂ ಅಪ್ಪಿಕೊಂಡರು. ಉದ್ದಕ್ಕೆ ಉಸಿರೆಳೆದರು. ನಾನು ಸೇದುವವನಲ್ಲ, ಕುಡಿಯುವವನೂ ಅಲ್ಲ. ಹೇಳಿಕೊಳ್ಳಲು ಏನಿದೆ? ಆದರೂ ಬಾಯಿ ತಾನಾಗಿಯೇ ತೆರೆಯಿತು.

"ತುಂಬಾ ಭಯ ಆಗ್ತಿದೆ ದೊಡ್ಡಪ್ಪ."

"ಹೂಂ," ಅಂದರು. ಬಿಡಲಿಲ್ಲ.