ಐವತ್ತು ಬೈಟಿನೊಳಗೆ ಒಬ್ಬ ಸಜ್ಜನ

ಪೆರ್ಲ, ಎಪ್ರಿಲ್ ೨೦೧೦

ಅನಂತಪುರದ ಬಳಿ ಕುಳಿತು ಕಂಪ್ಯೂಟರ್ ಪ್ರೋಗ್ರಾಂ ಬರೆಯುವ, ಜಾಗದ ಅಂದಾಜಿನಲ್ಲಿ ಅದ್ವಿತೀಯರಾದ ಮಾನ್ಯ ಶ್ರೀ ವಿಜೇತ್ ಅವರೇ,

ಪೆರ್ಲದಲ್ಲಿ ವಧೂವರ ಮಾಹಿತಿ ಕೇಂದ್ರ ನಡೆಸುವ ನಿವೃತ್ತ ಕನ್ನಡ ಟೀಚರ್ ದೇವಕಿಯ ಅನಂತ ನಮಸ್ಕಾರಗಳು. ತಾವೂ, ತಾವು ಉಳಿಸಿಕೊಟ್ಟ ಅಪಾರ ಖಾಲಿ ಜಾಗವೂ ಕ್ಷೇಮವೆಂದು ನಂಬಿದ್ದೇನೆ.

ನಮ್ಮ ಕೇಂದ್ರಕ್ಕೆ ಕಂಪ್ಯೂಟರ್ ಕೂಡಿಸಿದ ದಿನ ತಾವು ಒಬ್ಬ ವರನಿಗೆ ಒಂದು ಸಾಲು, ಒಂದು ಸಾಲಿಗೆ ಇಂತಿಷ್ಟು ಬೈಟು ಜಾಗ ಎಂದು ಲೆಕ್ಕ ಹಾಕಿ, "ಟೀಚರೇ, ಇಡೀ ಜಿಲ್ಲೆಯ ಮದುವೆ ಪ್ರಾಯದವರನ್ನು ತುಂಬಿಸಿದರೂ ಮತ್ತೆಯೂ ಜಾಗ ಉಂಟು" ಎಂದಿರಿ. ಅಭ್ಯಾಸಗಳ ಕಾಲಮ್ಮಿಗೆ ಐವತ್ತು ಬೈಟು ದಯಪಾಲಿಸಿದಿರಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದ್ದಕ್ಕೆ ಮೂರು ಬೇಕು, ಗುಣಿತಕ್ಕೆ ಬೇರೆ ಮೂರು, ಒತ್ತಿಗೆ ಇನ್ನಷ್ಟು ಎಂಬ ಕ್ಷುಲ್ಲಕ ಸಂಗತಿಯತ್ತ ತಮ್ಮಂಥ ದೊಡ್ಡವರು ಕಣ್ಣು ಹಾಯಿಸದಿದ್ದುದು ಸಹಜವೇ.

ಹೀಗಿರಲು ಬ್ಯಾಂಕ್ ಗುಮಾಸ್ತ ಈಶ್ವರಪ್ರಸಾದರ ವಿವರ ಬಂತು. ಜೀರಿಗೆ ಕಷಾಯ ಬಿಟ್ಟು ಬೇರೇನೂ ಕುಡಿಯದ, ಇಸ್ಪೀಟಿನ ರಾಜ ಯಾರು ರಾಣಿ ಯಾರೆಂದು ತಿಳಿಯದ, ನಾಯಿ ಕಚ್ಚಿದರೆ ನಾಯಿಗೇ ಸಮಾಧಾನ ಹೇಳುವ ಈ ಸಜ್ಜನರಿಗೆ ವರ್ಷಗಟ್ಟಲೆ ಹುಡುಗಿ ಸಿಕ್ಕಿರಲಿಲ್ಲ. 'ಕುಡಿತ, ಜೂಜು, ಸಿಟ್ಟು ಇಲ್ಲ' ಎಂದು ನಾನು ಟೈಪು ಮಾಡಿದೆ. ತಮ್ಮ ಪ್ರೋಗ್ರಾಂ ಐವತ್ತನೆಯ ಬೈಟಿಗೆ ಕತ್ತರಿ ಹಾಕಿ, 'ಕುಡಿತ, ಜೂಜು, ಸಿಟ್ಟು' ಎಂದಷ್ಟೇ ಮುದ್ರಿಸಿಕೊಟ್ಟಿತು. ನಾನು ತಿರುಗಿ ನೋಡದೆ ಮನೆಮನೆಗೆ ಕಳುಹಿಸಿದೆ. 'ಇಲ್ಲ' ಎಂಬುದನ್ನು ಕೊನೆಗೆ ಇಟ್ಟುಕೊಂಡ ನಮ್ಮ ಭಾಷೆಯ ಅವಿವೇಕಕ್ಕಾಗಿ, ಜೀವಮಾನವಿಡೀ ಅದನ್ನೇ ಕಲಿಸಿದ ನಾನು ತಮ್ಮ ಕ್ಷಮೆ ಕೋರುತ್ತೇನೆ.

ಮೊದಲು ಬಂದವರು ವರನ ತಾಯಿ ವೆಂಕಟಲಕ್ಷ್ಮಿಯಮ್ಮ, ಕೊಡೆ ಎತ್ತಿಕೊಂಡು. "ಎಂತ ಟೀಚರೇ, ನನ್ನ ಮಗ ಕುಡಿದದ್ದನ್ನು ನೀವು ಯಾವಾಗ ನೋಡಿದ್ದು?" ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ನಾಯ್ಮಾರ್ಮೂಲೆಯ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ ಮಾಡುವ ರಂಜನಿ. "ಎಲ್ಲರೂ ತಾವು ದೇವರು ಅಂತಲೇ ಬರೆಯುವುದು ಟೀಚರ್. ಇದ್ದದ್ದನ್ನು ಇದ್ದ ಹಾಗೆ ಬರೆದವರು ಇವರೊಬ್ಬರೇ. ನನಗೊಮ್ಮೆ ನೋಡಬೇಕು."

ನನ್ನ ಜೊತೆ ವರನ ಮನೆಗೆ ಬಂದಳು. ಈಶ್ವರಪ್ರಸಾದರು ಕಷಾಯ ಕೊಟ್ಟರು. ಅವಳು ಆ ಹಾಳೆಯನ್ನು ಮುಂದಿಟ್ಟಳು. ಕೊನೆಯ 'ಇಲ್ಲ'ವನ್ನು ತಮ್ಮ ಪ್ರೋಗ್ರಾಂ ನುಂಗಿದ್ದೆಂದು ನಾನು ಬಾಯಿಬಿಟ್ಟೆ. ಓದಿದ ಆ ಸಾಧುಪ್ರಾಣಿ ಜನ್ಮದಲ್ಲಿ ಮೊದಲ ಬಾರಿಗೆ ಕೆಂಪೇರಿ, ಮೇಜು ಗುದ್ದಿ, ವಿಜೇತರೇ, ತಮ್ಮ ಕುರಿತು ನಾನಿಲ್ಲಿ ಬರೆಯಲಾರದ ಎರಡು ಮಾತು ಆಡಿದರು. ಕಷಾಯ ನನ್ನ ಸೀರೆಗೆ ಚೆಲ್ಲಿತು. ರಂಜನಿ ಹೊಟ್ಟೆ ಹಿಡಿದು ನಕ್ಕಳು. "ಮೂರರಲ್ಲಿ ಒಂದಾದರೂ ನಿಜ ಉಂಟಲ್ಲ, ಸಾಕು ಮಾರಾಯ್ರೆ!" ಮೊನ್ನೆ ನಿಶ್ಚಿತಾರ್ಥ ಆಯಿತು.

ಆದ್ದರಿಂದ ದೂರು ಬರೆಯಲು ಕೂತವಳಿಗೆ ಕೈ ಓಡುತ್ತಿಲ್ಲ. ಆದರೂ ಒಂದೋ ಆ ಕಾಲಮ್ಮನ್ನು ಹಿಗ್ಗಿಸಿ, ಇಲ್ಲವೇ ಕನ್ನಡ ವ್ಯಾಕರಣವನ್ನೇ ತಿದ್ದಿ 'ಇಲ್ಲ'ವನ್ನು ವಾಕ್ಯದ ತಲೆಗೆ ತಂದುಕೊಡಿ. ಹೀಗೆಯೇ 'ಇಲ್ಲ' ಕಳೆದುಕೊಂಡ ಉಳಿದ ವರರ ತಾಯಂದಿರು ಕೊಡೆ ಹಿಡಿದು ಹೊರಗೆ ಸಾಲು ನಿಂತಿದ್ದಾರೆ. ಆ ಸಾಲಿಗೆ ಎಷ್ಟು ಜಾಗ ಬೇಕೆಂದು ತಾವೇ ಖುದ್ದಾಗಿ ಬಂದು ಅಂದಾಜು ಮಾಡಬೇಕಾಗಿ ವಿನಂತಿ.

ಬಾಗಿಲಿಗೆ ಚಿಲಕ ಹಾಕಿ ಒಳಗೆ ಕುಳಿತಿರುವ,
ತಮ್ಮ ವಿಶ್ವಾಸಿ,
ದೇವಕಿ ಟೀಚರ್

ವಿ.ಸೂ.: ಮದುವೆಯ ಊಟಕ್ಕೆ ತಾವು ಅಗತ್ಯವಾಗಿ ಬರಬೇಕು. ಎಷ್ಟು ಮಂದಿಗೆ ಎಷ್ಟು ಅಕ್ಕಿ ಎಂದು ಅಡುಗೆಯವರು ಕೇಳಿದರೆ ಮಾತ್ರ ದಯವಿಟ್ಟು ಬಾಯಿ ಬಿಡಬೇಡಿ.