ಜೋಳಕ್ಕೆ ಫೋಕಸ್ಸು, ಮದುಮಕ್ಕಳಿಗೆ ಮಂಜು

೧೯೯೮ನೇ ಇಸವಿಯಲ್ಲಿ, ಏಳನೇ ಇಯತ್ತೆಗೆ, ನಾನು ಸಾಲಿ ಬಿಟ್ಟೆ. ಆದರೆ ದುಡಿಮೆ ಬಿಟ್ಟವನಲ್ಲ. ಫೋಟೋ ತೊಳೆಯುವ ಕತ್ತಲೆ ಕೋಣೆಯಿಂದ ಶುರುಮಾಡಿ ಸಿಂದಗಿಯಲ್ಲಿ ಸ್ವಂತ ಸ್ಟುಡಿಯೋ ಹಾಕಿದವನು. ಇಂಡಿಯಿಂದ ಮುದ್ದೇಬಿಹಾಳದ ತನಕ, ನಾನು "ಸ್ವಲ್ಪ ನಗ್ರಿ" ಅಂದರೆ ನಗದ ಮದುಮಗನಿಲ್ಲ!

ಹೋದ ವರ್ಷ ಗಿರಾಕಿಯೊಬ್ಬರು ಆಲ್ಬಂ ತಿರುವುತ್ತ, "ನಿಮ್ಮ ಎಲ್ಲಾ ಮದುವಿ ಒಂದಽ ಥರ ಕಾಣ್ತಾವಲ್ರಿ. ಬರೇ ಮುಖ ಬದಲಿ" ಅಂದುಬಿಟ್ಟರು. ಎದೆಗೆ ನಾಟಿತು. ಮೊಬೈಲಿನಲ್ಲಿ ವಿಡಿಯೋ ನೋಡಿ ತಿಳಿದುಕೊಂಡೆ: ನನ್ನೊಳಗೆ ಸೃಜನಶೀಲತೆ ಮಲಗಿದೆ. ಎಬ್ಬಿಸಿ, ಸಾಕಿ, ಬೆಳೆಸಬೇಕು.

ಸಾಕಣೆ ಮನೆಯಿಂದಲೇ ಆರಂಭವಾಯಿತು. ಹೆಂಡತಿ ಶಾಂತಾ ರೊಟ್ಟಿ ಬೇಯಿಸುವಾಗ ಹೊಗೆಯ ಫೋಟೋ ತೆಗೆಯಲು, "ಹಂಗಽ ನಿಲ್ಲು, ಅಲ್ಲಾಡಬ್ಯಾಡ!" ಅಂದೆ. ನಿಂತಳು. ರೊಟ್ಟಿ ಸುಟ್ಟಿತು.

"ಇದಽ ಏನು ನಿಮ್ಮ ಕಲಾ? ಹಂಗಾರ ನೀವಽ ಉಣ್ರಿ."

ಉಂಡೆ.

ಮುಂದೆ ಬಸವನ ಬಾಗೇವಾಡಿಯ ಮದುವೆ ಬಂತು. ಮದುಮಗಳ ತಂದೆ ಗೌಡರು ಕೈ ಹಿಡಿದು ಹೇಳಿದರು: "ನಮ್ಮವ್ವ ಇಂಡಿ ಊರಾಗ ಹಾಸಿಗಿ ಹಿಡದಾಳ. ಮೊಮ್ಮಗಳಿಗೆ ತಾಳಿ ಕಟ್ಟೂದು ನೋಡಬೇಕಂತ ಆಸಿ ಇಟ್ಕೊಂಡಾಳ. ಅದೊಂದು ಫೋಟೋ ದೊಡ್ಡದು ಮಾಡಿ ಕೊಡ್ರಿ."

"ಗೌಡ್ರ, ಇಲ್ಲೀತನಕ ಯಾರೂ ತಗದಿರಬಾರದು, ಅಂಥಾದ್ದು ತಗೀತೇನಿ!"

ಆ ಮಾತನ್ನು ಅಕ್ಷರಶಃ ಉಳಿಸಿಕೊಂಡೆ.

ಅಕ್ಷತೆಗೆ ನಮ್ಮ ಕಡೆ ಅಕ್ಕಿಕಾಳು ಅಂತಾರೆ. ಮದುಮಕ್ಕಳ ತಲೆಗೆ ಬೀಳುವುದು ಮಾತ್ರ ಅರಿಷಿಣ ಹಚ್ಚಿದ ಜೋಳ. ಆ ಜೋಳದ ಮಳೆಯಲ್ಲಿ ನನಗೆ ಕಲೆ ಕಂಡಿತು! ಗಟ್ಟಿಮೇಳ ಮೊಳಗುತ್ತಲೇ ಮದುಮಕ್ಕಳ ಎದುರು ಅಂಗಾತ ಮಲಗಿ, ಬೀಳುವ ಕಾಳಿಗೆ ಫೋಕಸ್ ಮಾಡಿದೆ. ಊಟಕ್ಕೆ ಬಂದಿದ್ದ ಶಾಂತಾ ಕುರ್ಚಿ ಹತ್ತಿ ನಿಂತು, "ಏಳ್ರಿ!" ಎಂದು ಸನ್ನೆ ಮಾಡಿದಳು. ಏಳಲಿಲ್ಲ. ಜೋಳ ಕಿವಿಗೆ ಹೊಕ್ಕಿತು, ಬಾಯಿಗೆ ಬಿತ್ತು. ಬಟನ್ ಬಿಡಲಿಲ್ಲ.

"ಏ, ಫೋಟೋದಾಂವಗ ಚಕ್ಕರ್ ಬಂದೈತಿ, ನೀರು ತರ್ರೋ!" ಎಂದು ಹಿರಿಯರೊಬ್ಬರು ಕೂಗಿದರು.

ತಂದರು. ಮುಖಕ್ಕೆ ಉಗ್ಗಿದರು! ಕ್ಯಾಮೆರಾ ಒರೆಸಿಕೊಂಡು ಏಳುವುದರೊಳಗೆ ತಾಳಿ ಕಟ್ಟಿ ಆಗಿತ್ತು.

ಆದರೂ ಧೈರ್ಯಗೆಡದೆ, ಜೋಳದ್ದೇ ಒಂದು ಫೋಟೋ ಆರಿಸಿ ಮೂರು ಅಡಿಯ ಫ್ರೇಮ್ ಹಾಕಿಸಿದೆ.

"ಮದುಮಕ್ಕಳು ಮಸಕಾಗ್ಯಾರಲ್ರಿ?" ಅಂದಳು ಶಾಂತಾ.

"ಅದಕ್ಕಽ ಕಲಾ ಅಂತಾರ. ನಿನಗ ತಿಳ್ಯಾಂಗಿಲ್ಲ."

ಅವಳನ್ನೂ ಕರೆದುಕೊಂಡು ಇಂಡಿಗೆ ಹೋದೆ. ಗೌಡರು ತಾಯಿಯ ಹಾಸಿಗೆ ಮುಂದೆ ಫ್ರೇಮ್ ಹಿಡಿದರು. ಅಜ್ಜಿ ಸೆರಗಿನಿಂದ ಗಾಜು ಒರೆಸಿದಳು. ಕನ್ನಡಕ ಒರೆಸಿದಳು. ಮತ್ತೆ ಗಾಜು ಒರೆಸಿದಳು.

"ಕಾಳು ಭಾಳ ಚಲೋ ಅದಾವ ತಮ್ಮಾ. ಮಾಲದಂಡಿ ಜೋಳ. ನುಸಿ ಹತ್ತಿಲ್ಲ."

ನಾನು ಉಬ್ಬಿದೆ.

"ನಮ್ಮ ಹುಡುಗಿ ಎಲ್ಲಿ?"

ಬೆರಳಿಟ್ಟು ತೋರಿಸಿದೆ.

"ಇದು ಹುಡುಗಿ ಏನೋ? ನಾ ಜೋಳದ ಚೀಲ ಅಂತ ತಿಳ್ಕೊಂಡಿದ್ದೆ!"

ಗೌಡರು ನನ್ನ ಕಡೆ ನೋಡಿದರು. ನಾನು ಬಾಗಿಲ ಕಡೆ ನೋಡಿದೆ.

ಆಗ ಶಾಂತಾ ತನ್ನ ಮೊಬೈಲ್ ಚಾಚಿದಳು. ಕುರ್ಚಿ ಮೇಲಿಂದ ತೆಗೆದ ಫೋಟೋ: ತಾಳಿ, ಮದುಮಗನ ಕೈ, ಹುಡುಗಿಯ ನಗು, ಎಲ್ಲ ನಿಚ್ಚಳ! ಅಜ್ಜಿ ಈ ಸಲ ಕಣ್ಣು ಒರೆಸಿಕೊಂಡಳು. ಆಮೇಲೆ ಮೂಲೆಗೆ ಬೆರಳಿಟ್ಟಳು.

"ಈ ಬಾಯಿ ತಗದು ಬಿದ್ದಾಂವ ಯಾರು?"

"ನಮ್ಮ ಮನಿಯವರ್ರಿ, ಅಜ್ಜಿ. ಕಲಾ ಬೆಳಸಾಕತ್ತಾರ."

ಈಗ ನನ್ನ ಹತ್ತಿರ ಕ್ಯಾಮೆರಾ ಎರಡು, ಲೆನ್ಸ್ ಮೂರು, ಜೋಳದ ಫೋಟೋ ನೂರಾ ಹನ್ನೊಂದು ಇವೆ. ಆ ಮದುವೆಯ ತಾಳಿಯ ಫೋಟೋ ಒಂದು. ಅದು ಶಾಂತಾಳದು.